ಒಂದೇ ಕೌದಿ, ಹತ್ತು ಜನ: ನಿಮ್ಮ ಬಿಲ್ಡಿಂಗಿನಲ್ಲೂ ಶುರು ಮಾಡಿ

ಮುಂಬೈಯ ಭಾಂಡುಪ್ ಪಶ್ಚಿಮದ ಗುಡ್ಡದ ಬುಡದಲ್ಲಿ ಮೊದಲು ನಮ್ಮ ಚಾಳು, ಅಂದರೆ ವಠಾರ, ಇತ್ತು. ಈಗ ಅದೇ ಜಾಗದಲ್ಲಿ ಕೊಳೆಗೇರಿ ಪುನರ್ವಸತಿ ಯೋಜನೆಯ ಹದಿನಾಲ್ಕು ಮಾಳಿಗೆಯ ಎಸ್‌ಆರ್‌ಎ ಬಿಲ್ಡಿಂಗ್ ಇದೆ. ಮನೆ ಪಕ್ಕಾ ಆಯಿತು, ಒಳಗೇ ನಲ್ಲಿ ಬಂತು, ಮಳೆಗಾಲದಲ್ಲಿ ಸೋರುವುದು ನಿಂತಿತು. ಇದೆಲ್ಲ ದೊಡ್ಡ ಸುಖ. ಆದರೆ ಚಾಳಿನಲ್ಲಿ ಬಾಗಿಲು ತೆಗೆದರೆ ಎದುರಿಗೆ ಯಾರಾದರೂ ಕೂತಿರುತ್ತಿದ್ದರು. ಅಕ್ಕಿ ಆರಿಸುತ್ತಲೋ, ಮಗುವಿಗೆ ಎಣ್ಣೆ ಹಚ್ಚುತ್ತಲೋ. ಇಲ್ಲಿ ಬಾಗಿಲು ತೆಗೆದರೆ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು. ವಯಸ್ಸಾದವರು ಲಿಫ್ಟಿಗೆ ಹೆದರಿ ಕೆಳಗೆ ಬರುವುದನ್ನೇ ಬಿಟ್ಟರು. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಟ್ಯೂಷನ್‌ಗೆ. ಬೆಳಿಗ್ಗೆಯಿಂದ ಸಂಜೆವರೆಗೂ ಟಿವಿ ಒಂದೇ ಮಾತಾಡುವುದು.

ನಾನು ಇಳಕಲ್ ಕಡೆಯವಳು. 26 ವರ್ಷ ಮನೆಯಲ್ಲೇ ಬ್ಲೌಸ್ ಹೊಲಿದಿದ್ದೇನೆ. 2021ರ ದೀಪಾವಳಿ ಮುಗಿದ ಮೇಲೆ ನಾವು ಐದು ಜನ ಸೇರಿ ನೆಲಮಟ್ಟದ ಬಾಲವಾಡಿ ಕೋಣೆಯಲ್ಲಿ ಒಂದು ಕೌದಿ ಹಾಸಿದೆವು. ಅವತ್ತಿನಿಂದ ಬುಧವಾರ ತಪ್ಪಿಲ್ಲ. ಈಗ ಹದಿನಾರು ಜನ ಬಂದು ಹೋಗುತ್ತಾರೆ. ಒಂದು ಹೊತ್ತಿಗೆ ಹತ್ತು ಜನ ಕೂರುತ್ತೇವೆ. ಬೇರೆ ಬಿಲ್ಡಿಂಗಿನವರು, ಮುಲುಂಡ್, ಡೊಂಬಿವಲಿಯ ನಮ್ಮವರು ಹೇಗೆ ಮಾಡಿದಿರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೌದಿ ನೋಡದವರಿಗೆ ಎರಡು ಮಾತು. ಹಳೆ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಲ್ಲಿ ಸಾಲು ಸಾಲು ಹೊಲಿದ ಹೊದಿಕೆ ಅದು. ಮರಾಠಿಯವರು ಗೋಧಡಿ ಅನ್ನುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಗೆ ಬಹಳ ಹೆಸರಿದೆ. ಅವರು ಮೂಲೆ ಮೂಲೆಗೂ ಬಟ್ಟೆ ಮಡಿಚಿ ಹೂ ಕೂರಿಸುತ್ತಾರೆ.

ಎಲ್ಲಕ್ಕಿಂತ ಮೊದಲು: ಎಲ್ಲರಿಗೂ ಸೇರಿ ಒಂದೇ ಕೌದಿ

ನೀವು ಬೇರೇನು ಬದಲಿಸಿದರೂ ಇದೊಂದನ್ನು ಬದಲಿಸಬೇಡಿ. ನಾನು ಮೊದಲು ಇದನ್ನು ಕ್ಲಾಸಿನ ಹಾಗೆ ಮಾಡಲು ಹೊರಟಿದ್ದೆ. ಅವರವರ ಕೆಲಸ ಅವರವರು ತರಲಿ, ನಾನು ಹೇಳಿಕೊಡುತ್ತೇನೆ ಅಂತ. ಮೂರೇ ವಾರದಲ್ಲಿ ಗೊತ್ತಾಯಿತು. ಚೆನ್ನಾಗಿ ಹೊಲಿಯುವವರು "ಮನೆಯಲ್ಲೇ ಮುಗಿಸ್ತೀನಿ ಬಿಡಿ ಅಕ್ಕಾ" ಅಂತ ಬರುವುದು ಬಿಟ್ಟರು. ಬಾರದವರು ಪಕ್ಕದವರ ಕೆಲಸ ನೋಡಿ ನಾಚಿಕೊಂಡು ಬಿಟ್ಟರು.

ಒಂದೇ ಕೌದಿ ನಡುವೆ ಹಾಸಿದರೆ ಲೆಕ್ಕ ಬೇರೆ. ಪ್ರತಿಯೊಬ್ಬರಿಗೂ ಒಂದು ಮಗ್ಗುಲು ಸಿಗುತ್ತದೆ. ಆ ಮಗ್ಗುಲನ್ನು ಮನೆಗೆ ಒಯ್ಯಲು ಆಗುವುದಿಲ್ಲ, ಬಂದೇ ಹೊಲಿಯಬೇಕು. ಬರದಿದ್ದರೆ ಅಲ್ಲಿ ಹೊಲಿಗೆ ಹಿಂದೆ ಉಳಿಯುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ.

ಎರಡನೇ ವರ್ಷ ನಮ್ಮ ಕುಂದಾಪುರದ ಅಕ್ಕನ ಮಗ್ಗುಲು ಎರಡು ಬುಧವಾರ ಹಾಗೇ ಉಳಿಯಿತು. ಆ ಕಡೆ ಸಾಲು ಒಂದು ಮೊಳ ಹಿಂದೆ ಬಿದ್ದಿತ್ತು. ಊರಿಗೆ ಹೋಗಿರಬೇಕು ಅಂದುಕೊಂಡಿದ್ದೆವು. ಎರಡನೇ ವಾರ ಮನಸ್ಸು ತಡೆಯದೆ ಇಬ್ಬರು ಹನ್ನೊಂದನೇ ಮಾಳಿಗೆಗೆ ಹತ್ತಿದರು. ಲಿಫ್ಟ್ ಅವತ್ತು ಕೆಟ್ಟಿತ್ತು. ಅಕ್ಕ ಜ್ವರದಲ್ಲಿ ಮಲಗಿದ್ದರು. ಊಟ ಇಲ್ಲ, ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಬಿಡದೆ ನುಂಗುತ್ತಿದ್ದರು. ಕೈ ನಡುಗುತ್ತಿತ್ತು, ಮೈ ತಣ್ಣನೆ ಬೆವರಿತ್ತು. ಮೊದಲು ಸಕ್ಕರೆ ನೀರು ಕುಡಿಸಿದರು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗ ದುಬೈನಲ್ಲಿದ್ದಾನೆ, ಅವನಿಗೆ ಗೊತ್ತಾಗಿದ್ದು ನಾವು ಫೋನ್ ಮಾಡಿದ ಮೇಲೆ. ಆ ಒಂದು ಮೊಳ ಖಾಲಿ ಬಟ್ಟೆ ಇಲ್ಲದಿದ್ದರೆ ನಾವು ಮೇಲೆ ಹತ್ತುತ್ತಿರಲಿಲ್ಲ.

ಅದಕ್ಕೇ ನಮ್ಮಲ್ಲಿ ಈಗ ಒಂದು ಪದ್ಧತಿ ಇದೆ. ಹೇಳದೆ ಒಂದು ವಾರ ಬರದಿದ್ದರೆ ಅವತ್ತೇ ಸಂಜೆ ಫೋನ್. ಎತ್ತದಿದ್ದರೆ ಮನೆಗೆ.

ಜಾಗ ಮತ್ತು ಹೊತ್ತು

ನಮ್ಮ ಒಂದೊಂದು ಮನೆ 269 ಚದರ ಅಡಿ. ಕಾಟು, ಕಪಾಟು ಇಟ್ಟ ಮೇಲೆ ಕೌದಿ ಹಾಸಲು ಎಲ್ಲಿ ಜಾಗ? ಎಸ್‌ಆರ್‌ಎ ಬಿಲ್ಡಿಂಗ್ ಆದರೆ ಸೊಸೈಟಿ ಆಫೀಸ್, ಬಾಲವಾಡಿ, ವೆಲ್ಫೇರ್ ಸೆಂಟರ್ ಅಂತ ಕೋಣೆಗಳನ್ನು ಕಟ್ಟಿಕೊಡಲೇಬೇಕು ಅನ್ನುವ ನಿಯಮ ಇದೆ. ಎಷ್ಟೋ ಕಡೆ ಅದು ಬೀಗ ಹಾಕಿ ಹಳೆ ಕುರ್ಚಿ ತುಂಬಿಕೊಂಡಿರುತ್ತದೆ. ಕಮಿಟಿಗೆ ಒಂದು ಅರ್ಜಿ ಬರೆದು ಕೊಡಿ. ಬಾಯಿಮಾತಲ್ಲಿ ಕೇಳಿದರೆ "ನೋಡೋಣ" ಅನ್ನುತ್ತಾರೆ. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಬೀಗದ ಕೈ ಯಾರ ಹತ್ತಿರ, ಗುಡಿಸುವವರು ಯಾರು, ಇಷ್ಟನ್ನೂ ಬರೆಯಿರಿ. ಅರ್ಜಿಗೆ ಮರಾಠಿ ನೆರೆಯವರ ಸಹಿಯೂ ಇರಲಿ. ಅವರನ್ನೂ ಕರೆಯಿರಿ, ಅವರ ಅಜ್ಜಿಯರಿಗೆ ಗೋಧಡಿ ನಮ್ಮಷ್ಟೇ ಬರುತ್ತದೆ.

ನಮ್ಮ ಹೊತ್ತು ಎರಡೂವರೆಯಿಂದ ನಾಲ್ಕೂವರೆ. ಊಟ ಮುಗಿದಿರುತ್ತದೆ, ಸಂಜೆ ನೀರು ಬರುವುದಕ್ಕೆ ಇನ್ನೂ ಸಮಯ ಇರುತ್ತದೆ. ನಿಮ್ಮ ಕಡೆ ನೀರು ಬರುವ ಹೊತ್ತು ನೋಡಿಕೊಂಡೇ ಇಡಿ. ನೀರಿನ ಹೊತ್ತಿಗೆ ಇಟ್ಟರೆ ಯಾವ ಹೆಂಗಸೂ ಬರುವುದಿಲ್ಲ.

ಬಟ್ಟೆ

ಹೊಸ ಬಟ್ಟೆ ಬೇಡವೇ ಬೇಡ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಧೋತರ, ಲುಂಗಿ ಬೇಕು. ಪಾಲಿಯೆಸ್ಟರ್ ಸೀರೆ ದೂರ ಇಡಿ. ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಬಟ್ಟೆ ಜಾರುತ್ತದೆ, ವಯಸ್ಸಾದ ಬೆರಳು ಸೋಲುತ್ತದೆ. ತಂದ ಬಟ್ಟೆಯನ್ನೆಲ್ಲ ಒಗೆದು ಬಿಸಿಲಿಗೆ ಹಾಕಿಸಿಯೇ ಒಳಗೆ ತನ್ನಿ. ಹಳೆ ಟ್ರಂಕಿನ ಧೂಳಿಗೆ ದಮ್ಮು ಇರುವವರಿಗೆ ಕೆಮ್ಮು ಏರುತ್ತದೆ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಹಿಡಿಯಬೇಕು. ಒಂದು ಬಿಳಿ ತುಂಡನ್ನು ಒದ್ದೆ ಮಾಡಿ ಸೀರೆಯ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ನಮ್ಮ ಮೊದಲ ಕೌದಿಯಲ್ಲಿ ಇದನ್ನು ಮಾಡಲಿಲ್ಲ. ಒಂದು ಕೆಂಪು ಸೀರೆ ಮೊದಲ ಒಗೆತಕ್ಕೇ ಪೂರ್ತಿ ಮೂಲೆಯನ್ನು ಗುಲಾಬಿ ಮಾಡಿತು. ಅದು ನನ್ನದೇ ಸೀರೆ, ನನ್ನದೇ ತಪ್ಪು.

ಮೇಲಿನ ಬಣ್ಣದ ತುಂಡಿಗೆ ಅಕ್ಕಪಕ್ಕದ ಟೇಲರ್‌ಗಳ ಹತ್ತಿರ ಚಿಂದಿ ಕೇಳಿ, ಸುಮ್ನೆ ಕೊಡುತ್ತಾರೆ. ದಪ್ಪ ಹತ್ತಿ ದಾರ ಮತ್ತು ಸೂಜಿ ಮಾತ್ರ ಕೊಳ್ಳಬೇಕು. ನಾನು ಆರು ತಿಂಗಳಿಗೊಮ್ಮೆ ಮಧ್ಯಾಹ್ನದ ಸ್ಲೋ ಲೋಕಲ್ ರೈಲು ಹಿಡಿದು ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಹೋಗಿ, ಭುಲೇಶ್ವರದ ಗಲ್ಲಿಯಲ್ಲಿ ಒಟ್ಟಿಗೆ ತರುತ್ತೇನೆ. ಮೊದಲ ಕೌದಿಗೆ ನಮಗೆ ಆದ ಖರ್ಚು 400 ರೂಪಾಯಿ. ಅದನ್ನೂ ಹಂಚಿಕೊಂಡೆವು. ಯಾರ ಹತ್ತಿರ ಇಲ್ಲವೋ ಅವರನ್ನು ಕೇಳಲಿಲ್ಲ.

ಬಟ್ಟೆ ಬೇರ್ಪಡಿಸುವ ಕೆಲಸವನ್ನು ಗಂಡಸರಿಗೆ ಬಿಡಿ. ಇದನ್ನು ನಮಗೆ ಕಲಿಸಿದ್ದು ಗಿರಣಿ ಮಾಮಾ. ಅವರು ಮುಂಬೈಯ ಲಾಲ್‌ಬಾಗ್ ಕಡೆಯ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. 1982ರ ಜನವರಿಯಲ್ಲಿ ಮುಷ್ಕರ ಶುರುವಾದ ಮೇಲೆ ಆ ಕೆಲಸ ಮತ್ತೆ ಸಿಗಲಿಲ್ಲ. ಆಮೇಲೆ ಉದ್ದಕ್ಕೂ ಹೋಟೆಲ್ ಗಲ್ಲೆಯ ಮೇಲೆ ಕೂತರು. ಹೆಂಡತಿಯನ್ನು ಬಿಡಲು ಬಂದು ಮೂರು ವಾರ ಬಾಗಿಲ ಹತ್ತಿರ ಪೇಪರ್ ಹಿಡಿದು ನಿಂತರು. ನಾಲ್ಕನೇ ವಾರ ನಾನು ಒಂದು ಬಿಳಿ ತುಂಡು ಎತ್ತಿ "ಮಾಮಾ, ಇದು ಹತ್ತಿನಾ ನೋಡ್ರಿ" ಅಂದೆ. ಅವರು ಕನ್ನಡಕ ಹಾಕಲಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಬಟ್ಟೆ ಇಟ್ಟು ಎರಡು ಸಲ ಉಜ್ಜಿದರು. ಕಿವಿಯ ಹತ್ತಿರ ತಂದು ಮತ್ತೊಮ್ಮೆ ಉಜ್ಜಿದರು. "ಪಾಪ್ಲಿನ್. ಆದರೆ ಪೂರ್ತಿ ಹತ್ತಿ ಅಲ್ಲ, ಮಿಕ್ಸ್ ಇದೆ" ಅಂದರು. ಒಂದು ನೂಲು ಎಳೆದು ಸುಟ್ಟು ನೋಡಿದೆವು. ತುದಿ ಕರಗಿ ಗಟ್ಟಿ ಗುಂಡಿಯಾಯಿತು, ಅವರು ಹೇಳಿದ್ದೇ ನಿಜ. ಅವತ್ತಿನಿಂದ ಬಟ್ಟೆಯ ಗಂಟು ಅವರದ್ದೇ. ಮಲ್‌ಮಲ್ ಒಂದು ಕಡೆ, ಪಾಪ್ಲಿನ್ ಒಂದು ಕಡೆ, ಬೇಡದ್ದು ಒಂದು ಕಡೆ. ಮನೆಯಲ್ಲಿ ಮಾತೇ ಆಡದ ಮನುಷ್ಯ ಇಲ್ಲಿ ಮಗ್ಗದ ಶಬ್ದದ ಬಗ್ಗೆ ಒಂದು ಗಂಟೆ ಹೇಳುತ್ತಾರೆ ಅಂತ ಅವರ ಹೆಂಡತಿ ಒಮ್ಮೆ ಕಣ್ಣು ಒರೆಸಿಕೊಂಡರು.

ಹಾಸುವುದು, ಕೂರುವುದು, ಹೊಲಿಯುವುದು

ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡನ್ನೂ ಉದ್ದಕ್ಕೆ ಜೋಡಿಸಿದರೆ ಸುಮಾರು 9 ಅಡಿ ಉದ್ದ, ಏಳೂವರೆ ಅಡಿ ಅಗಲದ ಅಡಿಬಟ್ಟೆ ಆಗುತ್ತದೆ. ಉದ್ದದ ಮಗ್ಗುಲಿಗೆ ಮೂವರು, ಅಗಲದ ಮಗ್ಗುಲಿಗೆ ಇಬ್ಬರು, ಒಟ್ಟು ಹತ್ತು ಜನ. ಊರಲ್ಲಿ ಚಳಿಗೆ ಐದಾರು ಪದರ ಹಾಕುತ್ತಾರೆ. ಮುಂಬೈಗೆ ಅಷ್ಟು ಬೇಡ. ಅಡಿಬಟ್ಟೆ, ನಡುವೆ ಒಂದು ಪದರ, ಮೇಲೆ ತುಂಡುಗಳು, ಸಾಕು. ಪದರ ಜಾಸ್ತಿ ಆದಷ್ಟೂ ಸೂಜಿ ತಳ್ಳುವ ಕೈ ನೋಯುತ್ತದೆ.

ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಬೇಕು. ಇದನ್ನು ನಡುವಿನಿಂದ ಹೊರಗೆ ಹಾಕುತ್ತಾ ಬನ್ನಿ, ಸುಕ್ಕೆಲ್ಲ ಅಂಚಿಗೆ ಹೋಗುತ್ತದೆ. ಈ ಕೆಲಸವನ್ನು ಕೈ ಪಳಗಿದ ಇಬ್ಬರೇ ಮಾಡಲಿ. ಪಕ್ಕಾ ಹೊಲಿಗೆ ಮಾತ್ರ ತಿರುಗಾಮುರುಗಾ, ಅಂಚಿನಿಂದ ನಡುವಿಗೆ. ಎಲ್ಲರೂ ತಮ್ಮ ತಮ್ಮ ಅಂಚಿನಲ್ಲಿ ಕೂತು ಒಳಗೆ ಹೊಲಿಯುತ್ತಾ ಬರುತ್ತಾರೆ. ವಾರ ವಾರ ಒಬ್ಬರಿಗೊಬ್ಬರು ಹತ್ತಿರ ಆಗುತ್ತಾರೆ. ಕೊನೆಯ ವಾರಗಳಲ್ಲಿ ಮಂಡಿಗೆ ಮಂಡಿ ತಾಗುತ್ತದೆ, ಆಗ ಮಾತು ತಾನಾಗಿ ಸಣ್ಣ ದನಿಗೆ ಇಳಿಯುತ್ತದೆ. ದಾರ ಬೆರಳ ತುದಿಯಿಂದ ಮೊಳಕೈವರೆಗಿನಷ್ಟೇ ಇರಲಿ. ಉದ್ದ ತೆಗೆದರೆ ಸಿಕ್ಕಾಗುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ.

ಇಲ್ಲಿ ನಮ್ಮದು ಒಂದೇ ಕಟ್ಟುನಿಟ್ಟು: ಯಾರ ಹೊಲಿಗೆಯನ್ನೂ ಯಾರೂ ಬಿಚ್ಚಬಾರದು. ಮುದ್ದೇಬಿಹಾಳದ ಅವ್ವನಿಗೆ ಲಕ್ವಾ ಹೊಡೆದು ಬಲಗೈ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಅವರ ಮೊದಲ ಸಾಲು ನನ್ನ ಕಣ್ಣಿಗೆ ಕಟ್ಟಿದೆ. ಒಂದು ಹೊಲಿಗೆ ಜೋಳದ ಕಾಳಿನಷ್ಟು, ಮುಂದಿನದು ಅರ್ಧ ಬೆರಳಿನಷ್ಟು, ಸಾಲು ಹಾವಿನ ಹಾಗೆ ಹರಿದಿತ್ತು. ಹೊಸದಾಗಿ ಬಂದ ಒಬ್ಬಳು ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬಿಚ್ಚಿ ನೆಟ್ಟಗೆ ಹೊಲಿದುಕೊಟ್ಟಳು. ಮುಂದಿನ ವಾರ ಅವ್ವ ಬಂದು ತಮ್ಮ ಜಾಗ ಸವರಿ ನೋಡಿದರು. ಏನೂ ಅನ್ನಲಿಲ್ಲ, ಸೂಜಿಯನ್ನೂ ಹಿಡಿಯಲಿಲ್ಲ. ನಾನು ಅವರ ಕಾಲು ಮುಟ್ಟಿ ತಪ್ಪಾಯಿತು ಅಂದೆ. ಆ ಹುಡುಗಿಯೇ ಪಕ್ಕದಲ್ಲಿ ಕೂತು, ನೆಟ್ಟಗಿನ ಸಾಲು ಬಿಚ್ಚಿ, ಅವ್ವನ ಕೈಗೆ ಸೂಜಿ ಕೊಟ್ಟಳು. ಆ ಹಾವಿನ ಸಾಲು ಇವತ್ತಿಗೂ ಕೌದಿಯಲ್ಲಿದೆ.

ಕೈ ಅಷ್ಟೂ ಆಗದವರಿಗೆ ಚಿಂದಿಯನ್ನು ಉದ್ದಕ್ಕೆ ಹರಿಯುವುದು, ದಾರ ಸುತ್ತುವುದು, ಬಣ್ಣ ಆರಿಸುವುದು ಕೊಡಿ. ಹರಿಯುವ ಕೆಲಸ ಎಲ್ಲರಿಗೂ ಇಷ್ಟ, ಆ ಶಬ್ದಕ್ಕೇ ಮನಸ್ಸು ಹಗುರ ಆಗುತ್ತದೆ. ಲಕ್ವಾ ಆದವರಿಗೆ ಯಾವ ಚಲನೆ ಒಳ್ಳೆಯದು ಅಂತ ಅವರ ಫಿಸಿಯೋಥೆರಪಿಯವರನ್ನು ಕೇಳಿಕೊಂಡು ಬರಲು ಹೇಳಿ. ಕಣ್ಣು ಕಾಣದ ಅಜ್ಜಿ ಒಬ್ಬರು ನಮ್ಮಲ್ಲಿ ಹಾಡುತ್ತಾರೆ, ಬೀಸುವ ಪದ, ಸೋಬಾನೆ ಪದ. ಅವರಿಗೂ ಒಂದು ಮಗ್ಗುಲು ಇದೆ.

ಮೈಗೆ ನೋವಾಗದ ಹಾಗೆ

ಮಂಡಿ ನೋವಿನವರನ್ನು ನೆಲಕ್ಕೆ ಕೂರಿಸಬೇಡಿ. ಎರಡು ಟೇಬಲ್ ಜೋಡಿಸಿ ಕೌದಿಯ ಒಂದು ಕಡೆಯನ್ನು ಅದರ ಮೇಲೆ ಎಳೆದುಕೊಳ್ಳಿ, ಅವರು ಕುರ್ಚಿಯಲ್ಲಿ ಕೂರಲಿ. ಅರ್ಧ ಗಂಟೆಗೊಮ್ಮೆ ಎಲ್ಲರೂ ಎದ್ದು ಕುತ್ತಿಗೆ, ಹೆಗಲು ಆಡಿಸಬೇಕು. ಕಿಟಕಿಯ ಬೆಳಕು ವಯಸ್ಸಾದವರಿಗೆ, ಟ್ಯೂಬ್‌ಲೈಟ್ ಉಳಿದವರಿಗೆ. ದಾರ ಪೋಣಿಸಿದ ಸೂಜಿಗಳನ್ನು ಮೊದಲೇ ಸಿದ್ಧ ಇಡಿ. ಪೋಣಿಸಲು ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದು ಎಷ್ಟೋ ಜನಕ್ಕೆ ಸಂಕೋಚ.

ಸಕ್ಕರೆ ಕಾಯಿಲೆಯವರ ಬೆರಳಿಗೆ ಸೂಜಿ ಚುಚ್ಚಿದರೆ ಗಾಯ ಬೇಗ ಮಾಯುವುದಿಲ್ಲ. ಅವರು ಬೆರಳಿಗೆ ಲೋಹದ ಟೋಪಿ ಹಾಕಿಕೊಂಡೇ ಹೊಲಿಯಲಿ. ಕೆಲವರಿಗೆ ಕಾಲಿನ ಸ್ಪರ್ಶವೂ ಕಡಿಮೆ ಇರುತ್ತದೆ, ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೆ ಸೂಜಿಯ ಲೆಕ್ಕ ಬಹಳ ಮುಖ್ಯ. ಹನ್ನೆರಡು ಸೂಜಿ ತೆಗೆದರೆ ಹನ್ನೆರಡೂ ಡಬ್ಬಿಗೆ ವಾಪಸ್ ಬರಬೇಕು. ಮುರಿದರೆ ಎರಡೂ ತುಂಡು ಸಿಗಬೇಕು. ಮರುದಿನ ಬೆಳಿಗ್ಗೆ ಅದೇ ನೆಲದ ಮೇಲೆ ಬಾಲವಾಡಿ ಮಕ್ಕಳು ಆಡುತ್ತಾರೆ. ಒಂದು ಅಯಸ್ಕಾಂತ ಇಟ್ಟುಕೊಂಡಿದ್ದೇವೆ, ಹೊರಡುವ ಮೊದಲು ನೆಲಕ್ಕೆಲ್ಲ ಆಡಿಸುತ್ತೇವೆ.

ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಕೇಳುವವರಿದ್ದಾರೆ. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಅವಳು ಹೇಳಿದ್ದು: ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಹಾಡು, ಕುಣಿತ, ಚಿತ್ರ, ಕೈಕೆಲಸ ಇವೆಲ್ಲ ಆರೋಗ್ಯ ಕಾಪಾಡುವುದರಲ್ಲೂ ಕಾಯಿಲೆ ಜೊತೆ ಬದುಕುವುದರಲ್ಲೂ ನೆರವಾಗುತ್ತವೆ ಅಂತ ವರದಿ ಕೊಟ್ಟಿದೆ. ಬ್ರಿಟನ್ನಿನಲ್ಲಿ ಒಂಟಿಯಾಗಿರುವವರನ್ನು ಡಾಕ್ಟರರ ಕಡೆಯಿಂದಲೇ ಇಂಥ ಗುಂಪುಗಳಿಗೆ ಕಳಿಸುವ ಪದ್ಧತಿಯೂ ಇದೆಯಂತೆ. ನಾನು ಕಣ್ಣಾರೆ ಕಂಡಿದ್ದು ಇಷ್ಟು: ಬುಧವಾರ ಇದೆ ಅಂತ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಇಳಿದು ಬರುತ್ತಾರೆ. ಆದರೆ ಯಾರೂ ಬಿಪಿ ಗುಳಿಗೆ ಬಿಡಬಾರದು, ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಕೌದಿ ಔಷಧದ ಜೊತೆಗೆ ಇರುವುದು.

ಮಾತು ಬಂದಾಗ

ಕೈ ಕೆಲಸ ಮಾಡುತ್ತಿದ್ದರೆ, ಕಣ್ಣು ಬಟ್ಟೆಯ ಮೇಲಿದ್ದರೆ, ಎದುರಾ ಎದುರು ಹೇಳಲಾಗದ ಮಾತು ಬಾಯಿಗೆ ಬರುತ್ತದೆ. ಯಾರಾದರೂ ಅತ್ತರೆ ಅವರ ಕೈಯಿಂದ ಸೂಜಿ ಕಿತ್ತುಕೊಳ್ಳಬೇಡಿ, ಸುತ್ತ ಮುತ್ತಿಕೊಳ್ಳಬೇಡಿ. ಪಕ್ಕದವರು ಒಬ್ಬರು ಮಾತ್ರ ಬೆನ್ನ ಮೇಲೆ ಕೈ ಇಟ್ಟರೆ ಸಾಕು. ಸೊಸೆಯಂದಿರ ಸುದ್ದಿ ಕೋಣೆಯಿಂದ ಹೊರಗೆ ಹೋಗಬಾರದು. ಒಮ್ಮೆ ಹೋಯಿತು. ಒಬ್ಬರು ಎರಡು ತಿಂಗಳು ಬರಲಿಲ್ಲ. ಅವರನ್ನು ವಾಪಸ್ ಕರೆತರಲು ನಾಲ್ಕು ಸಲ ಮನೆಗೆ ಹೋದೆ.

"ಇನ್ನು ಬದುಕಿ ಏನು ಮಾಡಲಿ" ಅನ್ನುವ ಮಾತು ಬಂದರೆ, "ಹಾಗೆಲ್ಲ ಅನ್ನಬಾರದು" ಅಂತ ಬಾಯಿ ಮುಚ್ಚಿಸಬೇಡಿ. ಪಕ್ಕಕ್ಕೆ ಕೂರಿಸಿಕೊಂಡು ನೇರವಾಗಿ ಕೇಳಿ: ಸಾಯುವ ಯೋಚನೆ ಬರ್ತಿದೆಯಾ? ಹೌದು ಅಂದರೆ ಅವತ್ತು ಅವರನ್ನು ಒಬ್ಬರೇ ಮನೆಗೆ ಕಳಿಸಬೇಡಿ. ಮನೆಯವರಿಗೆ ತಿಳಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡಬಹುದು. ನಮ್ಮ ಕೋಣೆಯ ಗೋಡೆಗೆ ಆ ನಂಬರನ್ನು ದೊಡ್ಡದಾಗಿ ಬರೆದು ಅಂಟಿಸಿದ್ದೇವೆ.

ಮಾರುವ ವಿಚಾರ

ಒಂದು ಸಂಸ್ಥೆಯವರು ಬಂದು ಫೋಟೊ ತೆಗೆದುಕೊಂಡು, ಪ್ರದರ್ಶನಕ್ಕೆ ಆರು ಕೌದಿ ಬೇಕು, ಒಂದೂವರೆ ತಿಂಗಳಲ್ಲಿ ಕೊಡಿ ಅಂದರು. ದುಡ್ಡು ಬರುತ್ತದೆ ಅಂತ ಒಪ್ಪಿಕೊಂಡೆವು. ಹೊಲಿಗೆ ನೆಟ್ಟಗಿರಬೇಕು ಅಂದರು. ಮುದ್ದೇಬಿಹಾಳದ ಅವ್ವ ತಾವಾಗಿಯೇ ಹಿಂದೆ ಸರಿದು ಕೂತರು. ಬೇಗ ಹೊಲಿಯುವವರು ನಿಧಾನ ಇರುವವರ ಮೇಲೆ ರೇಗಿದರು. ಎರಡೇ ಕೌದಿ ಆದವು, ಬಂದ ದುಡ್ಡಿನ ಹಂಚಿಕೆಗೂ ಜಗಳ ಆಯಿತು. ದುಡಿಮೆಗಾಗಿ ಕೌದಿ ಹೊಲಿಯುವುದು ಒಳ್ಳೆಯ ಕೆಲಸ, ಬೇಕಾದವರು ಅದಕ್ಕೆ ಬೇರೆ ದಿನ, ಬೇರೆ ಗುಂಪು ಮಾಡಿಕೊಳ್ಳಲಿ. ಬುಧವಾರದ ಕೌದಿ ಮಾರಾಟಕ್ಕಿಲ್ಲ. ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ, ಯಾರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೋ ಅವರಿಗೆ ಹೋಗುತ್ತದೆ.

ದೊಡ್ಡ ಕೌದಿಯನ್ನು ಜೂನ್‌ನಲ್ಲಿ ಶುರು ಮಾಡಬೇಡಿ. ಮುಂಬೈ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಬೂಸು ಹಿಡಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ನಾವು ಕೂಸುಗಳ ಕುಲಾಯಿ, ಸಣ್ಣ ದುಪ್ಪಟಿ ಹೊಲಿಯುತ್ತೇವೆ. ದಸರಾ ಆದ ಮೇಲೆ ಮತ್ತೆ ದೊಡ್ಡದು.

ಒಂದು ಕೌದಿ ಮುಗಿದ ದಿನವೇ ಮುಂದಿನದರ ಅಡಿಬಟ್ಟೆ ಹಾಸಿಬಿಡಿ. ಮುಗಿಯಿತು ಅಂತ ಎದ್ದು ಹೋದರೆ ಮತ್ತೆ ಕೂಡಿಸುವುದು ಕಷ್ಟ. ಹಾಸುವಾಗ ಬಾಗಿಲ ಕಡೆಯ ಒಂದು ಮಗ್ಗುಲನ್ನು ಯಾರಿಗೂ ಕೊಡದೆ ಖಾಲಿ ಇಡಿ, ಹೊಸಬರು ಬಂದರೆ ಕೂರಲು. ಹೋದ ಬುಧವಾರ ನಾವು ಹಾಸಿದ್ದು ಹಸಿರು ಇಳಕಲ್ ಸೀರೆ, ಕುಂದಾಪುರದ ಅಕ್ಕನಿಗೆ ನಾನೇ ಊರಿಂದ ತಂದುಕೊಟ್ಟಿದ್ದು, ಉಟ್ಟು ಉಟ್ಟು ಮೆತ್ತಗಾಗಿದೆ. ಬಾಗಿಲ ಕಡೆ ಒಂದು ಸೂಜಿಗೆ ದಾರ ಪೋಣಿಸಿ ಚುಚ್ಚಿಟ್ಟಿದ್ದೇವೆ. ಒಂಬತ್ತನೇ ಮಾಳಿಗೆಗೆ ಹೊಸದಾಗಿ ಬಂದ ಅಜ್ಜಿ ಒಬ್ಬರಿದ್ದಾರೆ. ಈ ವಾರ ಅವರನ್ನು ಕರೆಯಲು ಗಿರಣಿ ಮಾಮಾ ಮತ್ತು ಅವರ ಹೆಂಡತಿ ಹೋಗುತ್ತಾರೆ.